ಸದರಿ ಮಗು

ಇಪ್ಪತ್ತೆರಡು ವರ್ಷದಿಂದ ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯಿಂದ ಜನ ಹಳೆಯ ಸಿಟ್ಟು ತೀರಿಸಿಕೊಳ್ಳಲು ಬಂದಾರು. ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು, ವಂಶವೃಕ್ಷ, ಬದುಕಿದ್ದಾರೆ ಅನ್ನುವುದಕ್ಕೊಂದು, ಸತ್ತಿದ್ದಾರೆ ಅನ್ನುವುದಕ್ಕೊಂದು, ಎಲ್ಲದರ ಅರ್ಜಿಯೂ ನನ್ನ ಮೇಜಿನ ಮೇಲೆ ಹಾದು ಹೋಗಬೇಕು. ಆ ಮೇಜಿನ ಹಿಂದೆ ಕೂತು ನಾನು ಅತಿ ಹೆಚ್ಚು ಸಲ ಆಡಿರುವ ಮಾತು, "ಒಂದು ಕಾಗದ ಕಮ್ಮಿ ಇದೆ, ನಾಳೆ ಬನ್ನಿ." ಹಿರೇನಲ್ಲೂರಿನ ಆಚೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಅಜ್ಜಿಗೂ ಹೇಳಿದ್ದೇನೆ. ಹೇಳುವಾಗ ಮುಖ ಎತ್ತಿ ನೋಡುತ್ತಲೂ ಇರಲಿಲ್ಲ. ಇಂಥವಳ ಮೇಲೆ ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಗುವನ್ನು ವಿಮಾನದಲ್ಲಿ ಕರೆದುಕೊಂಡು ಹೋಗುವ ಕೆಲಸ ಬಿತ್ತು.

ಮಗು ನನ್ನ ತಂಗಿಯದು. ತಂಗಿಯ ಗಂಡ ಮಿಲಿಟರಿಯಲ್ಲಿದ್ದಾನೆ, ಜೋಧಪುರದಲ್ಲಿ. ಈ ಹುಡುಗಿಗೆ ಒಂದೂವರೆ ವರ್ಷವಾಗಿದ್ದಾಗ ತಂಗಿ ಮತ್ತೆ ಬಸುರಿಯಾದಳು. ಅವಳಿ ಮಕ್ಕಳು, ಹಾಸಿಗೆ ಬಿಟ್ಟು ಏಳಕೂಡದು ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದರು. "ಎರಡು ತಿಂಗಳು ಇಟ್ಕೊಂಡಿರಕ್ಕ, ಸಾಕು" ಅಂದಳು. ಗಂಡ ಬಂದು ಅಜ್ಜಂಪುರದ ನಮ್ಮ ಮನೆಯಲ್ಲಿ ಮಗುವನ್ನು ಬಿಟ್ಟು ಹೋದ. ಆಮೇಲೆ ಹೆರಿಗೆ ಕಷ್ಟವಾಯಿತು, ಅವಳಿಗಳು ತೂಕ ಕಮ್ಮಿ ಅಂದರು, ತಂಗಿಗೆ ರಕ್ತ ಇಲ್ಲ ಅಂದರು, ಕ್ವಾರ್ಟರ್ಸ್ ಸಿಗಲಿಲ್ಲ ಅಂದರು. ಎರಡು ತಿಂಗಳು ಅಂದದ್ದು ಎರಡೂವರೆ ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಹಾಗಂತ ಯಾರಾದರೂ ಕನಿಕರ ತೋರಿಸಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಲ್ಲ, ಅಷ್ಟೆ. ಆ ಎರಡೂವರೆ ವರ್ಷ ಮಾತ್ರ ಒಬ್ಬಳು ಇದ್ದಳು.

ನಮ್ಮ ಕಡೆ ತಂಗಿಯ ಮಗಳೂ ಮಗಳೇ. ಅಕ್ಕನ ಮಗಳು, ತಂಗಿಯ ಮಗಳು ಅಂತ ಬಿಡಿಸಿ ಹೇಳಿದರೆ ಮನೆಯಲ್ಲಿ ಏನೋ ಜಗಳವಾಗಿದೆ ಅಂತಲೇ ಜನ ತಿಳಿಯುತ್ತಾರೆ. ನಾನು ಅವಳಿಗೆ ದೊಡ್ಡಮ್ಮ, ನಮ್ಮನೆಯವರು ದೊಡ್ಡಪ್ಪ. ಹೆತ್ತ ತಾಯಿಯನ್ನು ಅವಳು ಕಂಡದ್ದೆಲ್ಲ ಮೊಬೈಲಿನಲ್ಲೇ ಆದ್ದರಿಂದ ಅವಳಿಗೆ ಫೋನಮ್ಮ ಅಂತ ಹೆಸರಿಟ್ಟಿದ್ದಳು. ನಮ್ಮನೆಯವರು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಮುಚ್ಚಿ ಸಂಜೆ ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲೇ ಒಂದು ಆಟ ಆಗಬೇಕಿತ್ತು.

"ಪುಟ್ಟೀ, ಯಾರ್ ಮಗಳೇ ನೀನು?"

"ದೊಡ್ಡಮ್ಮನ್ ಮಗಳು."

"ಮತ್ತೆ ದೊಡ್ಡಪ್ಪ?"

"ದೊಡ್ಡಪ್ಪ ಸುಮ್ನೆ."

ತಂಗಿ ಎಷ್ಟೋ ಸಲ ಫೋನಿನ ಆ ಕಡೆಯಿಂದ ಈ ಆಟ ಕೇಳಿ ನಗುತ್ತಿದ್ದಳು. ನಗದೆ ಇನ್ನೇನು ಮಾಡಿಯಾಳು ಅಂತ ನಾನು ಆಗ ಯೋಚಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಅಲ್ಲಿಯ ಶಾಲೆಯಲ್ಲಿ ಸೀಟೂ ಸಿಕ್ಕಿತು. ಗಂಡನಿಗೆ ರಜೆ ಇಲ್ಲ, ಅವಳಿಗಳನ್ನು ಕಟ್ಟಿಕೊಂಡು ಅವಳು ಬರುವ ಹಾಗಿಲ್ಲ. "ಅಕ್ಕ, ನೀನೇ ಕರ್ಕೊಂಡ್ ಬಂದ್ಬಿಡು. ವಿಮಾನಕ್ಕೆ ಟಿಕೆಟ್ ಮಾಡ್ತಾರೆ" ಅಂದಳು. "ಸರಿ ಕಣೇ" ಅಂದೆ. ಫೋನಿಟ್ಟು, ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ನಮ್ಮನೆಯವರ ಮೇಲೆ ಕೂಗಾಡಿದೆ. ಸಾರು ಮಾಡಿದ್ದವಳು ನಾನೇ. ಅವರು ಸುಮ್ಮನೆ ಮಜ್ಜಿಗೆ ಹಾಕಿಕೊಂಡು ಉಂಡು ಎದ್ದರು. ನನಗೆ ಆ ಮಗುವನ್ನು ಕೊಡಲು ಮನಸ್ಸಿರಲಿಲ್ಲ. ಇದನ್ನು ಇಲ್ಲಿ ಬರೆಯುವಷ್ಟು ಸಲೀಸಾಗಿ ಯಾರ ಮುಂದೂ ಹೇಳುವ ಹಾಗಿರಲಿಲ್ಲ.

ಮಾರನೆಯ ದಿನದಿಂದ ಕಾಗದದ ಕಾಟ ಶುರುವಾಯಿತು. ಹೆತ್ತವರಲ್ಲದವರು ಮಗುವನ್ನು ವಿಮಾನ ಹತ್ತಿಸಬೇಕಾದರೆ ಏನೇನು ಬೇಕು ಅನ್ನುವುದನ್ನು ನಮ್ಮನೆಯವರು ಮೊಬೈಲಿನ ವಿಡಿಯೋಗಳಲ್ಲಿ ನೋಡಿ ನೋಡಿ ಬರೆದಿಟ್ಟುಕೊಂಡರು. ಒಬ್ಬ ವಿಡಿಯೋದವನು ಆಧಾರ್ ಸಾಕು ಅಂದ. ಇನ್ನೊಬ್ಬ ಜನನ ಪ್ರಮಾಣಪತ್ರ ಇಲ್ಲದೆ ಗೇಟಿನ ಹತ್ತಿರವೂ ಬಿಡುವುದಿಲ್ಲ ಅಂದ. ಮತ್ತೊಬ್ಬಳು ತಾಯಿ ತಂದೆ ಇಬ್ಬರ ಒಪ್ಪಿಗೆ ಪತ್ರ, ಅದಕ್ಕೆ ನೋಟರಿ ಸೀಲು, ಅವರ ಗುರುತಿನ ಚೀಟಿ, ಮಗುವಿನ ಫೋಟೋ, ಲಸಿಕೆಯ ಕಾರ್ಡು ಎಲ್ಲ ಇಟ್ಟುಕೊಳ್ಳಿ, ಕೇಳದಿದ್ದರೆ ನಿಮ್ಮ ಪುಣ್ಯ ಅಂದಳು. ಇವರು ಮೂವರ ಮಾತನ್ನೂ ನಂಬಿದರು. ಮೋಟಾರಿನ ವೈಂಡಿಂಗ್ ಸುಟ್ಟಿದೆಯೋ ಇಲ್ಲವೋ ಅಂತ ಮೂಸಿ ನೋಡಿಯೇ ಹೇಳುವ ಮನುಷ್ಯ ಮೊಬೈಲಿನಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಾರೆ.

ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಅದರಲ್ಲಿ ಹೆಸರೇ ಇಲ್ಲ. ತಂಗಿಯ ಚೊಚ್ಚಲ ಹೆರಿಗೆ ತವರಿನಲ್ಲಿ ಅಂತ ತರೀಕೆರೆಯಲ್ಲಿ ಆಗಿತ್ತು. ಹುಟ್ಟಿದ್ದನ್ನು ನೋಂದಾಯಿಸುವಾಗ ಹೆಸರಿಟ್ಟಿರಲಿಲ್ಲ. ಆಮೇಲೆ ಸೋದರತ್ತೆ ಒಂದು ಹೆಸರು ಕೂಗಿದಳು, ಮಠದಿಂದ ಒಂದು ಹೆಸರು ಬಂತು, ಯಾವುದು ಅನ್ನುವುದರ ಮೇಲೆ ಎರಡು ಮನೆಯವರು ಆರು ತಿಂಗಳು ಮುಖ ಊದಿಸಿಕೊಂಡರು, ಕೊನೆಗೆ ಎಲ್ಲರೂ ಪುಟ್ಟಿ ಅಂತ ಕರೆದು ಕೈ ತೊಳೆದುಕೊಂಡರು. ಆಧಾರಿನಲ್ಲಿ ಮಠದ ಹೆಸರು ಸೇರಿತು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಮುಂದೆ ಒಂದು ಗೆರೆ ಹಾಗೇ ಉಳಿಯಿತು. ಊರವರ ದಾಖಲೆಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ವಾಪಸ್ಸು ಕಳಿಸುವ ನನ್ನ ಮನೆಯ ಬೀರುವಿನಲ್ಲಿ ಹೆಸರಿಲ್ಲದ ಮಗು ಎರಡೂವರೆ ವರ್ಷ ಕೂತಿತ್ತು.

ಅದಕ್ಕಿಂತ ಹೆಚ್ಚಿನ ಘನಕಾರ್ಯವೆಂದರೆ ನಮ್ಮನೆಯವರು ಅದನ್ನು ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು. ಅವರಿಗೆ ಅದೊಂದು ಹುಚ್ಚು. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕದ ಮೊದಲ ಪುಟ, ಅಂತರಘಟ್ಟೆ ಅಮ್ಮನ ಫೋಟೋ, ನಮ್ಮ ಮದುವೆಯ ಕರೆಯೋಲೆ, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಹೊಳೆಯುತ್ತಿರುತ್ತವೆ.

"ಲ್ಯಾಮಿನೇಷನ್ ಆದ ಕಾಗದಕ್ಕೆ ಸಹಿ ಹಿಡಿಯಲ್ಲ, ಸೀಲು ಕೂರಲ್ಲ, ಒರೆಸಿದರೆ ಹೋಗ್ತದೆ ಅಂತ ದಿನಾ ಜನಕ್ಕೆ ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ಮನೇಲಿ ಹೇಳೋದು ಬಿಟ್ಟಿದ್ದೆ ನೋಡಿ" ಅಂದೆ.

"ಹಾಳಾಗ್ಬಾರ್ದು ಅಂತ ಕಣೇ" ಅಂದರು. ಅವರದು ಯಾವಾಗಲೂ ಒಂದೇ ಉತ್ತರ.

ತರೀಕೆರೆಗೆ ನಾಲ್ಕು ಸಲ ಹೋದೆವು. ತಾಯಿ ತಂದೆಯ ಅರ್ಜಿ ಬೇಕು ಅಂದರು, ಜೋಧಪುರದಿಂದ ತರಿಸಿದೆವು. ಆಧಾರಿನ ಪ್ರತಿ ಬೇಕು ಅಂದರು, ಕೊಟ್ಟೆವು. ಅವರು ಕೇಳಿದ್ದೆಲ್ಲ ನ್ಯಾಯವೇ ಆಗಿತ್ತು, ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಬೆಂಚಿನ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುವಾಗ ಮಾತ್ರ ನ್ಯಾಯವಾದ ಪ್ರಶ್ನೆಯೂ ಎಷ್ಟು ಉದ್ದ ಅಂತ ಗೊತ್ತಾಯಿತು. ಅಂತೂ ಹೆಸರು ಸೇರಿ ಹೊಸ ಪ್ರಮಾಣಪತ್ರ ಬಂತು. ಅಷ್ಟು ಹೊತ್ತಿಗೆ ಪುಟ್ಟಿಗೆ "ಕಾಗ್ದ" ಅನ್ನುವ ಮಾತು ಬಾಯಿಪಾಠವಾಗಿತ್ತು. ತಿಂಡಿ ತಿನ್ನು ಅಂದರೆ "ಕಾಗ್ದ ಐತಾ?" ಅಂತ ಕೇಳುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಇನ್ನು ಒಪ್ಪಿಗೆ ಪತ್ರ. ನಾನೇ ಬರೆಯುತ್ತೇನೆ ಅಂದೆ. ನಮ್ಮನೆಯವರು ಕೇಳಲಿಲ್ಲ. ಕಡೂರಿನಲ್ಲಿ ಅವರಿಗೆ ಗೊತ್ತಿರುವ ಒಬ್ಬ ಪತ್ರ ಬರಹಗಾರರಿದ್ದಾರೆ, ಜಮೀನಿನ ಕ್ರಯಪತ್ರ ಬರೆಯುವುದರಲ್ಲಿ ಕೈ ಪಳಗಿದವರು, ಅವರು ಬರೆದ ಪತ್ರ ಯಾವ ಕೋರ್ಟಿನಲ್ಲೂ ಬಿದ್ದಿಲ್ಲವಂತೆ. "ನಿನ್ನಂಗೆ ಅರ್ಜಿ ಬರ್ಯೋರಲ್ಲ ಅವ್ರು, ಪತ್ರ ಬರ್ಯೋರು" ಅಂದರು. ಹೋದೆವು. ಎಪ್ಪತ್ತರ ಹತ್ತಿರದ ಮನುಷ್ಯ, ಹಣೆಯ ತುಂಬ ವಿಭೂತಿ, ಮುಂದೊಂದು ಕಂಪ್ಯೂಟರು. ವಿಷಯವನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ಯಾರಿಂದ ಯಾರಿಗೆ ಅಂತ ಮಾತ್ರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಬಾಂಡ್ ಪೇಪರ್ ತರಿಸಿ, ಕಾಫಿ ಕುಡಿದು ಬನ್ನಿ ಅಂದರು. ನಾವು ಕುಡಿದು ಬರುವಷ್ಟರಲ್ಲಿ ಪತ್ರ ತಯಾರಾಗಿತ್ತು.

ಅದರಲ್ಲಿ ಹೀಗಿತ್ತು: "ನಾವುಗಳು ನಮ್ಮ ಬಾಬ್ತು ಹಿರಿಯ ಹೆಣ್ಣು ಮಗುವನ್ನು ನಮ್ಮ ಸ್ವಇಚ್ಛೆಯಿಂದ, ಯಾರ ಒತ್ತಾಯವಾಗಲಿ ಪ್ರೇರಣೆಯಾಗಲಿ ಇಲ್ಲದೆ, ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇವೆ. ಸದರಿ ಮಗುವನ್ನು ಈ ಹಿಂದೆ ಬೇರೆ ಯಾರಿಗೂ ಪರಭಾರೆ ಮಾಡಿರುವುದಿಲ್ಲ. ಸದರಿ ಮಗುವಿನ ಮೇಲೆ ಯಾವುದೇ ಸಾಲ, ಜಾಮೀನು, ಕೋರ್ಟು ವ್ಯಾಜ್ಯ ಇರುವುದಿಲ್ಲ. ಇಂದಿನಿಂದ ಸದರಿ ಮಗುವಿನ ಮೇಲೆ ನಮಗಾಗಲಿ ನಮ್ಮ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ತಾವು ಸದರಿ ಮಗುವನ್ನು ನಿರಾತಂಕವಾಗಿ ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು." ಇಷ್ಟಾದ ಮೇಲೆ ಷೆಡ್ಯೂಲು ಅಂತ ಒಂದು ತಲೆಬರಹ, ಅದರ ಕೆಳಗೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ.

"ಇದೇನು ಸಾರ್ ಇಲ್ಲಿ ಖಾಲಿ?" ಅಂದೆ.

"ಅಲ್ಲಿ ಚೆಕ್ಕುಬಂದಿ ಬತ್ತದೆ ಕಣಮ್ಮ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ನಾಲ್ಕೂ ದಿಕ್ಕು. ಮಗೂಗೆ ಏನ್ ಹಾಕ್ಬೇಕು ಹೊಳೀಲಿಲ್ಲ. ನೀವೇ ಹೇಳಿ, ಹಾಕ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮನೆಯವರೂ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಬರಹಗಾರರು ಮಾತ್ರ ಗಂಭೀರವಾಗಿ ನಮ್ಮನ್ನೇ ನೋಡುತ್ತಿದ್ದರು. ನಲವತ್ತು ವರ್ಷ ಒಂದೇ ರೀತಿ ಬರೆದ ಕೈಗೆ, ಒಬ್ಬರು ಇನ್ನೊಬ್ಬರಿಗೆ ಏನನ್ನಾದರೂ ಕೊಟ್ಟು ಮತ್ತೆ ವಾಪಸ್ಸು ತೆಗೆದುಕೊಳ್ಳುವ ಪತ್ರ ಗೊತ್ತಿರಲಿಲ್ಲ. ಕೊಟ್ಟರೆ ಕೊಟ್ಟದ್ದೇ. ನಾನು ನಗುತ್ತಲೇ ಮತ್ತೊಂದು ಸಲ ಓದಿದೆ. "ಇಂದಿನಿಂದ ಸದರಿ ಮಗುವಿನ ಮೇಲೆ ನಮಗಾಗಲಿ" ಅನ್ನುವ ಸಾಲಿಗೆ ಬಂದಾಗ ನಗು ನಿಂತುಹೋಯಿತು. ಆ ಸಾಲನ್ನು ಮತ್ತೆ ಓದಿದೆ. ಛಾಪಾಕಾಗದದ ಮೇಲೆ ಕಪ್ಪು ಅಕ್ಷರದಲ್ಲಿ ನನ್ನ ಹೆಸರಿತ್ತು, ಪುಟ್ಟಿಯ ಹೆಸರಿತ್ತು. ಸಹಿ ಒಂದು ಬೀಳಬೇಕಿತ್ತು, ಅಷ್ಟೆ.

"ಇದು ಬೇಡ ಸಾರ್, ನಾನ್ ಹೇಳಿದಂಗೆ ಬರೀರಿ" ಅಂತ ನಾಲ್ಕು ಸಾಲು ಹೇಳಿ ಬರೆಸಿದೆ. ನಮ್ಮ ಮಗಳು ತನ್ನ ದೊಡ್ಡಮ್ಮನ ಜೊತೆ ವಿಮಾನದಲ್ಲಿ ಬರಲು ನಮ್ಮ ಒಪ್ಪಿಗೆ ಇದೆ, ಇಷ್ಟೇ. ವಿಮಾನದವರಿಗೆ ಇಂಗ್ಲಿಷಿನಲ್ಲೂ ಇರಲಿ ಅಂತ ಅದನ್ನೂ ಬರೆಸಿದಾಗ ದೊಡ್ಡಮ್ಮ ಅನ್ನುವ ಒಂದು ಮಾತಿಗೆ ಮದರ್ಸ್ ಎಲ್ಡರ್ ಸಿಸ್ಟರ್ ಅಂತ ಮೂರು ಮಾತು ಬೇಕಾಯಿತು. ಮೂರರಲ್ಲಿ ಒಂದು ಮಾತ್ರ ಅಮ್ಮ, ಅದೂ ನಾನಲ್ಲ, ತಂಗಿ.

ಬರಹಗಾರರು ಹಳೆಯ ಪತ್ರ ಹಿಡಿದು "ಬಾಂಡ್ ಪೇಪರ್ ಸುಮ್ನೆ ದಂಡ ಆಯ್ತು. ಹರ್ದಾಕ್ಲಾ?" ಅಂದರು.

"ಬೇಡ ಕೊಡಿ, ಹಿಂದುಗಡೆ ಲೆಕ್ಕ ಬರ್ಕೊಳೋಕಾಗ್ತದೆ" ಅಂದೆ. ವ್ಯಾನಿಟಿ ಬ್ಯಾಗಿನ ಒಳಜಿಪ್ಪಿನಲ್ಲಿ ಇಟ್ಟುಕೊಂಡೆ. ನಮ್ಮನೆಯವರು ನೋಡಿದರು.

ಸರಿಯಾದ ಪತ್ರದ ಪ್ರತಿಯನ್ನು ಮೊಬೈಲಿನಲ್ಲಿ ಜೋಧಪುರಕ್ಕೆ ಕಳಿಸಿದೆವು. ಅಲ್ಲಿ ಅವರು ಬಾಂಡ್ ಪೇಪರಿನ ಮೇಲೆ ಮುದ್ರಿಸಿ, ಸಹಿ ಮಾಡಿ, ನೋಟರಿ ಸೀಲು ಹಾಕಿಸಿ ಸ್ಪೀಡ್ ಪೋಸ್ಟಿನಲ್ಲಿ ವಾಪಸ್ಸು ಕಳಿಸಿದರು. ಲಕೋಟೆ ಒಡೆದ ತಕ್ಷಣ ನಮ್ಮನೆಯವರ ಕಣ್ಣು ಝೆರಾಕ್ಸ್ ಅಂಗಡಿಯ ಕಡೆ ಹೋಯಿತು. ನಾನು ಕೈಯಿಂದ ಕಿತ್ತುಕೊಂಡು ಕಡತಕ್ಕೆ ಸೇರಿಸಿದೆ. ಕಡತದಲ್ಲಿ ಆಗಲೇ ಹನ್ನೊಂದು ಕಾಗದಗಳಿದ್ದವು, ಜೊತೆಗೆ ಇವರು ಅಂತರಘಟ್ಟೆಗೆ ಹೋಗಿ ತಂದಿಟ್ಟ ಕುಂಕುಮದ ಪೊಟ್ಟಣ. ಪೊಟ್ಟಣ ಒಡೆದು ತಂಗಿಯ ಗಂಡನ ಗುರುತಿನ ಚೀಟಿಯ ಪ್ರತಿಯಲ್ಲಿದ್ದ ಫೋಟೋದ ಹಣೆಗೇ ಕುಂಕುಮ ಹತ್ತಿತ್ತು.

ಕಡೂರಿನಲ್ಲಿ ರಾತ್ರಿಯ ರೈಲು ಹತ್ತಿದೆವು. ನಮ್ಮನೆಯವರು ಬೆಂಗಳೂರಿನವರೆಗೆ ಬಂದು ನಮ್ಮನ್ನು ಬಿಟ್ಟು ಬರುವುದು ಅಂತ ತೀರ್ಮಾನವಾಗಿತ್ತು. ಅರಸೀಕೆರೆಯಲ್ಲಿ ಅವರು ಕಾಫಿಗೆ ಇಳಿದಾಗ, ಪುಟ್ಟಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಗ, ಆ ಹಳೆಯ ಪತ್ರ ತೆಗೆದು ಇನ್ನೊಂದು ಸಲ ಓದಿದೆ. ಅವಳ ತಲೆಯ ಬೆವರಿನ ವಾಸನೆ ಬರುತ್ತಿತ್ತು. ನಮ್ಮನೆಯವರು ಕಿಟಕಿಯಿಂದ ಲೋಟ ಚಾಚಿದರು. ಗಡಿಬಿಡಿಯಲ್ಲಿ ಪತ್ರವನ್ನು ಕೈಗೆ ಸಿಕ್ಕಿದ ಕಡತದೊಳಗೆ ತುರುಕಿದೆ.

ವಿಮಾನ ನಿಲ್ದಾಣದ ಗೇಟಿನಲ್ಲಿ ಬಂದೂಕಿನ ಪೊಲೀಸಿನವನು ಟಿಕೆಟ್ಟು ನೋಡಿದ, ನನ್ನ ಆಧಾರ್ ನೋಡಿದ, ಪುಟ್ಟಿಯ ಕೆನ್ನೆ ತಟ್ಟಿ ಒಳಗೆ ಬಿಟ್ಟ. ಮುಗಿಯಿತು. ಒಂದು ತಿಂಗಳು ಮೂರು ಊರು ಸುತ್ತಿ ಕೂಡಿಸಿದ ಕಾಗದಗಳಲ್ಲಿ ಒಂದನ್ನೂ ಅವನು ಕೇಳಲಿಲ್ಲ. ನನಗೆ ಅವಮಾನವಾಯಿತು. ಕೇಳಪ್ಪಾ, ಏನಾದರೂ ಒಂದು ಕೇಳು ಅನ್ನುವ ಹಾಗಾಯಿತು. ಗಾಜಿನ ಆಚೆ ನಮ್ಮನೆಯವರು ಖಾಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದರು. ಪುಟ್ಟಿ ಕೈ ಬೀಸಿದಳು. ಅವರು ಚೀಲವನ್ನೇ ಬೀಸಿದರು.

ಒಳಗೆ ವಿಮಾನದವರ ಕೌಂಟರಿನಲ್ಲಿ ತುಟಿಗೆ ಬಣ್ಣ ಹಚ್ಚಿದ ಹುಡುಗಿಯೊಬ್ಬಳು ಕೂತಿದ್ದಳು. ಮುಖ ಎತ್ತದೆ ಕೇಳಿದಳು.

"ಬೇಬಿ ನಿಮಗೆ ಏನಾಗ್ಬೇಕು ಮೇಡಂ?"

"ಮಗಳು" ಅಂದೆ.

ಬೇರೆ ಏನು ಹೇಳಬೇಕು ಅಂತ ನನಗೆ ಆ ಹೊತ್ತಿಗೂ ಹೊಳೆಯಲಿಲ್ಲ. ಕಾಗದವೆಲ್ಲ ಸರಿಯಾಗಿತ್ತು, ಬಾಯಿ ಕೈಕೊಟ್ಟಿತು. ಅವಳು ಪುಟ್ಟಿಯ ಆಧಾರ್ ನೋಡಿದಳು, ನನ್ನದು ನೋಡಿದಳು.

"ಇದರಲ್ಲಿ ಫಾದರ್ ನೇಮ್ ಬೇರೆ ಇದೆಯಲ್ಲ?"

"ಅದು ಅವಳಪ್ಪನ ಹೆಸರು."

"ಮತ್ತೆ ನಿಮ್ಮದರಲ್ಲಿ ಇರೋದು?"

"ಅದು ನಮ್ಮನೆಯವರ ಹೆಸರು."

ಎರಡೂ ಸತ್ಯವೇ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಗಂಡಸೊಬ್ಬ ಕೆಮ್ಮಿದ. ಆಗ ನನಗೆ ನಾನು ಏನು ಹೇಳಿದೆ ಅಂತ ತಿಳಿದು ಕಿವಿಯವರೆಗೆ ಬಿಸಿಯೇರಿತು. ಹುಡುಗಿ ಈಗ ಮುಖ ಎತ್ತಿದಳು. ಜನನ ಪ್ರಮಾಣಪತ್ರ ಕೇಳಿದಳು, ಕೊಟ್ಟೆ.

"ಮದರ್ ನೇಮ್ ಕೂಡ ಬೇರೆ ಇದೆ. ನೀವು ಮಗಳು ಅಂದ್ರಿ."

"ಮಗಳೇ ಕಣಮ್ಮ. ನಾನು ದೊಡ್ಡಮ್ಮ."

"ದೊಡ್ಡಮ್ಮ ಅಂದ್ರೆ? ಅಜ್ಜೀನಾ?"

ನನಗೆ ನಲವತ್ತಾರು. ಕೂದಲಿಗೆ ಬಣ್ಣ ಹಚ್ಚದೆ ಹೊರಟಿದ್ದು ನನ್ನದೇ ತಪ್ಪು. "ಇವಳಮ್ಮ ನನ್ನ ತಂಗಿ. ಒಪ್ಪಿಗೆ ಪತ್ರ ಐತೆ ನೋಡಿ" ಅಂತ ಗರ್ವದಿಂದ ಕಡತ ಬಿಚ್ಚಿ ಮೇಲಿದ್ದ ಬಾಂಡ್ ಪೇಪರ್ ತೆಗೆದು ಅವಳ ಮುಂದಿಟ್ಟೆ. ಅದು ಕಡೂರಿನ ಹಳೆಯ ಪತ್ರ ಅಂತ ನನಗೆ ತಿಳಿಯುವಷ್ಟರಲ್ಲಿ ಅವಳು ಓದಲು ಶುರು ಮಾಡಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು, ನನ್ನ ಗ್ರಹಚಾರ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ, ಪರಭಾರೆ, ವಾರಸುದಾರ, ಪಾರಂಪರ್ಯ ಎಲ್ಲವನ್ನೂ ದಾಟಿ ಕೊನೆಯವರೆಗೆ ಓದಿದಳು. ಆಮೇಲೆ ಎದ್ದು ಹೋಗಿ ಮೇಲಿನವರೊಬ್ಬರನ್ನು ಕರೆದುಕೊಂಡು ಬಂದಳು.

ಆತ ನನ್ನ ವಯಸ್ಸಿನವನೇ. ಸಭ್ಯವಾಗಿ ಮಾತಾಡಿದ. "ಅಡಾಪ್ಷನ್ ಏನ್ ಮೇಡಂ? ಹಾಗಾದ್ರೆ ಕೋರ್ಟ್ ಆರ್ಡರ್ ಬೇಕಾಗುತ್ತೆ. ಇದರಲ್ಲಿ ಯಾರ ಸಹೀನೂ ಇಲ್ಲ."

"ಅಲ್ಲ ಸಾರ್, ಅದು ತಪ್ಪಾಗಿ ಬರೆದಿರೋ ಕಾಗದ."

"ತಪ್ಪಾಗಿದ್ರೆ ಯಾಕೆ ಇಟ್ಕೊಂಡಿದೀರಿ?"

ಇಪ್ಪತ್ತೆರಡು ವರ್ಷ ಇಂಥ ಪ್ರಶ್ನೆ ಕೇಳಿದವಳು ನಾನು. ಎದುರಿಗೆ ನಿಂತವರು ಬಾಯಿ ಬಿಡದೆ ಸೆರಗಿನ ತುದಿ ತಿರುಚುತ್ತಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ ಹಾಕುತ್ತಿದ್ದೆ. ಆತನೂ ಹಾಗೇ ಲೆಕ್ಕ ಹಾಕಿದ. ಅವನ ಲೆಕ್ಕ ತಪ್ಪಿರಲಿಲ್ಲ. ನಾನು ಸರಿಯಾದ ಪತ್ರ ಹುಡುಕಿ ಕೊಟ್ಟೆ, ಸಹಿ ತೋರಿಸಿದೆ, ಸೀಲು ತೋರಿಸಿದೆ. ಒಂದೇ ಮಗುವಿಗೆ ಎರಡು ಥರದ ಪತ್ರ ನೋಡಿ ಆತನಿಗೆ ಅನುಮಾನ ಹೆಚ್ಚಾಯಿತು. ವಿಮಾನಕ್ಕೆ ಇನ್ನು ಒಂದು ಗಂಟೆಯಿತ್ತು. ಅಲ್ಲಿ ತಂಗಿ ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಎರಡೂವರೆ ವರ್ಷ ಮಗಳನ್ನು ಮುಟ್ಟದವಳು, ಈ ವಿಮಾನ ತಪ್ಪಿದರೆ ಅವಳಿಗೆ ಏನಂತ ಹೇಳಲಿ.

"ಒಂದೇ ಒಂದು ಕ್ಲಿಯರ್ ಆಗಿ ಹೇಳಿ ಮೇಡಂ. ಈ ಮಗು ನಿಮ್ಮ ಮಗಳಾ, ಅಲ್ವಾ?"

ಪುಟ್ಟಿ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು. ಈ ಪ್ರಶ್ನೆಗೆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಸಂಜೆ ಆಡುವ ಆಟ. ಹೇಳಲು ಬಾಯಿ ತೆರೆದೇ ಇದ್ದಳು. ಅವಳಿಗಿಂತ ಮೊದಲು ನಾನು ಹೇಳಿದೆ.

"ಅಲ್ಲ. ನನ್ನ ಮಗಳಲ್ಲ. ತಂಗಿ ಮಗಳು."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ, ಆತನನ್ನೇ ನೋಡುತ್ತಾ ನಿಂತೆ.

ತಂಗಿಗೆ ವಿಡಿಯೋ ಕರೆ ಮಾಡಿಸಿದರು. ಆತ ಅವಳ ಹೆಸರು ಕೇಳಿ, ಗುರುತಿನ ಚೀಟಿಯಲ್ಲಿದ್ದ ಕುಂಕುಮದ ಹಣೆಯ ಗಂಡನ ಹೆಸರು ಕೇಳಿ, ಎಲ್ಲ ಸರಿ ಅಂತ ಮಾಡಿಕೊಂಡ. ಅಷ್ಟಕ್ಕೇ ಬಿಡಬಹುದಿತ್ತು. "ನಿಮಗೆ ಮಗು ಮೇಲೆ ಯಾವ ಹಕ್ಕೂ ಇಲ್ಲ ಅಂತ ಬರೆದಿರೋ ಇನ್ನೊಂದು ಪೇಪರ್ ಇವರ ಹತ್ರ ಇದೆ ಮೇಡಂ. ನಿಮಗೆ ಗೊತ್ತಿದೆಯಾ?" ಅಂತ ಕೇಳಿದ. ತಂಗಿ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದಳು. ಅವಳ ಹಿಂದೆ ಅವಳಿಗಳಲ್ಲಿ ಒಂದು ಅಳುವುದು ಕೇಳುತ್ತಿತ್ತು. ಆಮೇಲೆ ಹೇಳಿದಳು.

"ಅವ್ರು ನಮ್ಮಕ್ಕ ಸರ್. ಕಳ್ಸಿ."

ಫೋನು ನನ್ನ ಕೈಗೆ ಬಂತು. "ಅಕ್ಕ, ಹುಷಾರಾಗಿ ಬಾ" ಅಂದಳು. ಆ ಪತ್ರ ಯಾವುದು, ಯಾಕೆ, ಏನು ಅಂತ ಕೇಳಲಿಲ್ಲ. ಕೇಳಿ ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ನನಗೆ ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ.

ವಿಮಾನದಲ್ಲಿ ಪುಟ್ಟಿಗೆ ಕಿಟಕಿಯ ಸೀಟು. ಮೋಡ ನೋಡೇ ಅಂದೆ, ನೋಡಿದಳು. ಬಿಸ್ಕತ್ತು ಕೊಟ್ಟೆ, ತಿಂದಳು. ಮನೆಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚದವಳು ದಾರದ ಗಂಟು ಬಿಡಿಸುವ ಹಾಗೆ ಸೀಟಿನ ಬೆಲ್ಟನ್ನು ಎಳೆಯುತ್ತಾ ಕೂತಿದ್ದಳು. ಎಷ್ಟೋ ಹೊತ್ತಾದ ಮೇಲೆ ಕೇಳಿದಳು.

"ದೊಡ್ಡಮ್ಮ, ಆ ಕಾಗ್ದದಾಗೆ ಏನಿತ್ತು?"

"ನಿನ್ ಹೆಸ್ರು ಕಣೇ."

"ಮತ್ತೆ?"

"ಅಷ್ಟೇ" ಅಂದೆ.

ಜೋಧಪುರದ ಬಿಸಿಲಿಗೆ ತಂಗಿ ಒಂದು ಮಗು ಕಂಕುಳಲ್ಲಿ, ಇನ್ನೊಂದು ಗಂಡನ ಹೆಗಲಲ್ಲಿ, ಬೆಳಿಗ್ಗೆಯಿಂದ ನಿಂತು ಕೆಂಪಗಾಗಿದ್ದಳು. ಕಂಕುಳಲ್ಲಿದ್ದ ಮಗುವನ್ನು ನನ್ನ ಕೈಗೆ ಕೊಟ್ಟು ಪುಟ್ಟಿಯ ಮುಂದೆ ಮಂಡಿಯೂರಿದಳು. ಪುಟ್ಟಿ ನನ್ನ ಸೀರೆಯ ಹಿಂದೆ ಸರಿದು ಇಣುಕಿ ನೋಡಿದಳು. ಫೋನಮ್ಮ ಇಷ್ಟು ದೊಡ್ಡವಳು ಅಂತ ಅವಳಿಗೆ ಗೊತ್ತಿರಲಿಲ್ಲ. ತಂಗಿ ಕೈ ಚಾಚಿಕೊಂಡೇ ಕೂತಿದ್ದಳು, ಎಳೆಯಲಿಲ್ಲ. ನಾನೇ ಪುಟ್ಟಿಯ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದೆ.

ಮಧ್ಯಾಹ್ನ ಕ್ವಾರ್ಟರ್ಸಿನಲ್ಲಿ ಊಟವಾಯಿತು. ತಂಗಿ ಮುದ್ದೆ ಮಾಡಿದ್ದಳು, ಎಲ್ಲಿಂದ ರಾಗಿ ತರಿಸಿದ್ದಳೋ. ಎಲ್ಲರೂ ನೆಲದ ಮೇಲೆ ಕೂತಿದ್ದೆವು. ಅವಳಿಗಳು ನನ್ನ ಬ್ಯಾಗಿನ ಜಿಪ್ಪು ಎಳೆದಾಡುತ್ತಿದ್ದವು. ಪುಟ್ಟಿ ಸ್ವಲ್ಪ ಸಡಿಲವಾಗಿ, ತಂಗಿಯ ಮಗ್ಗುಲಲ್ಲಿ ಕೂತು ಅವಳ ಬಳೆ ಎಣಿಸುತ್ತಿದ್ದಳು. ತಂಗಿ ಧೈರ್ಯ ತಂದುಕೊಂಡಳು. ಎರಡೂವರೆ ವರ್ಷ ಫೋನಿನಲ್ಲಿ ಕೇಳಿ ಕೇಳಿ ಕಲಿತಿದ್ದಳಲ್ಲ, ನಮ್ಮನೆಯವರ ದನಿಯಲ್ಲೇ ಕೇಳಿದಳು.

"ಪುಟ್ಟೀ, ಯಾರ್ ಮಗಳೇ ನೀನು?"

ಪುಟ್ಟಿ ಬಳೆ ಬಿಟ್ಟಳು. ಅವಳ ಮುಖ ನೋಡಿದಳು. ನನ್ನ ಮುಖ ನೋಡಿದಳು. ನನ್ನದನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಕಾಗ್ದ ನೋಡಿ ಹೇಳ್ಬೇಕು" ಅಂದಳು.

ತಂಗಿಯ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ತಂಗಿಯೂ ನಕ್ಕಳು, ಕಣ್ಣು ಮಾತ್ರ ನನ್ನ ಮೇಲಿತ್ತು. ನಾನೂ ನಕ್ಕೆ. ಕೈ ತೊಳೆದುಕೊಂಡು ಬರುತ್ತೇನೆ ಅಂತ ಎದ್ದು ಹೋಗಿ ಬಚ್ಚಲಿನಲ್ಲಿ ನಲ್ಲಿ ಪೂರ್ತಿ ಬಿಟ್ಟುಕೊಂಡು ನಿಂತೆ.

ನಾಲ್ಕು ದಿನ ಇದ್ದು ವಾಪಸ್ಸು ಬಂದೆ. ಬರುವಾಗ ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ, ಒಬ್ಬಳೇ ಇದ್ದೆ. ಮನೆಯಲ್ಲಿ ಬ್ಯಾಗು ಬಿಚ್ಚಿದವರು ನಮ್ಮನೆಯವರು. ಕಡೂರಿನ ಪತ್ರ ಅವರ ಕೈಗೆ ಸಿಕ್ಕಿತು. ನಿಂತುಕೊಂಡೇ ಓದಿದರು. ಕಡೂರಿನಲ್ಲಿ ಟವೆಲ್ಲು ಒತ್ತಿಕೊಂಡು ನಕ್ಕ ಮನುಷ್ಯ ಈ ಸಲ ನಗಲಿಲ್ಲ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಸಂಜೆ ಬಂದಾಗ ಯಾರ ಮಗಳು ಅಂತ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕೈಕಾಲು ತೊಳೆದು ಬಂದು ಪತ್ರವನ್ನು ನನ್ನ ಮುಂದಿಟ್ಟರು. ಲ್ಯಾಮಿನೇಷನ್ ಮಾಡಿಸಿದ್ದರು.

"ಹಾಳಾಗ್ಬಾರ್ದು ಅಂತ" ಅಂದರು.

ನಾನು ಬೈಯಲಿಲ್ಲ. ಅದು ಈಗ ಬೀರುವಿನಲ್ಲಿ ನನ್ನ ಸೀರೆಗಳ ಕೆಳಗಿದೆ. ಸಹಿಯ ಜಾಗ ಖಾಲಿಯೇ ಇದೆ, ಇನ್ನು ಅಲ್ಲಿ ಯಾರ ಸಹಿಯೂ ಹಿಡಿಯುವುದಿಲ್ಲ. ಒಂದು ದಿನ ಹರಿದು ಹಾಕೋಣ ಅಂತ ತೆಗೆದೆ, ಹರಿಯಲೂ ಬರಲಿಲ್ಲ.